ಎಪ್ಪತ್ತು ತಾಸಿನ ಕಾರಣಿಕ

ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದನೆಂದರೆ ಅಷ್ಟು ದೊಡ್ಡ ಜನಸಾಗರ ಗಪ್‌ಚಿಪ್ಪಾಗುತ್ತದೆ. ಆಮೇಲೆ ಬರುವುದು ಒಂದೇ ಸಾಲು. ಅದು ಮಳೆಗೆ ಹೇಳಿದ್ದೋ ರಾಜಕಾರಣಕ್ಕೆ ಹೇಳಿದ್ದೋ ಎಂದು ನಮ್ಮ ಹಿರೇಹಡಗಲಿಯ ಗಂಡಸರು ಕಲ್ಲೇಶ್ವರನ ಗುಡಿಯ ಕಡೆ ಕೂತು ಮುಂದಿನ ಜಾತ್ರೆಯವರೆಗೆ ವಾದ ಮಾಡಬಲ್ಲರು. ಹೆಂಗಸರಿಗೆ ಅಷ್ಟು ಪುರುಸೊತ್ತಿಲ್ಲ.

ಈಚೆಗೆ ಕಂಪ್ಯೂಟರ್ ಲೋಕದಿಂದಲೂ ಕಾರಣಿಕ ಬರತೊಡಗಿದೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಒಂದು ಸಂದರ್ಶನದಲ್ಲಿ ಹೇಳಿದರು: ನಮ್ಮ ದೇಶದ ಉತ್ಪಾದಕತೆ ತೀರ ಕಡಿಮೆ, ತರುಣರು ವಾರಕ್ಕೆ ಎಪ್ಪತ್ತು ಗಂಟೆ ದುಡಿಯಬೇಕು, ಎರಡನೆಯ ಮಹಾಯುದ್ಧದ ನಂತರ ಜರ್ಮನರೂ ಜಪಾನಿಯರೂ ಮಾಡಿದ್ದು ಇದನ್ನೇ.

ಆ ದೀಪಾವಳಿಗೆ ನಾನು ತವರಿಗೆ ಹೋಗಿದ್ದೆ. ಬೆಂಗಳೂರಿನ ಯಾವುದೋ ಕಂಪನಿಯಲ್ಲಿರುವ ಅಣ್ಣನ ಮಗಳೂ ಬಂದಿದ್ದಳು. ಬಂದಿದ್ದಳು ಎನ್ನುವುದು ಮಾತಿಗೆ. ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತವಳು ಆರತಿಗೆ ಎದ್ದು ಮತ್ತೆ ಅಲ್ಲೇ ಕೂತಳು. ಅವಳೇ ಈ ಸುದ್ದಿ ಓದಿ ಹೇಳಿದ್ದು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅತ್ತಿಗೆ ಕೇಳಿದಳು, “ಎಪ್ಪತ್ತು ತಾಸಂದ್ರ ದಿನಕ್ಕ ಎಷ್ಟಾತು?”

“ಹತ್ತು ತಾಸವ್ವ. ಆಯಿತವಾರನೂ ಸೇರಿ.”

“ಅಷ್ಟೇ ಏನು?” ಎಂದಳು ಅತ್ತಿಗೆ. ಕೊಂಕಿಲ್ಲ, ವ್ಯಂಗ್ಯವಿಲ್ಲ. ನಿಜವಾಗಿಯೂ ಅವಳಿಗೆ ಅದು ಕಡಿಮೆ ಎನಿಸಿತ್ತು.

ಮೂರ್ತಿಯವರ ಮಾತುಗಳನ್ನು ಒಂದು ಕಡೆಯಿಂದ ಓದಿ ನೋಡಬೇಕೆಂದು ನನಗೆ ಆಸೆಯಾದದ್ದು ಆಗ. ತಂತ್ರಜ್ಞಾನ, ವ್ಯಾಪಾರ, ಸರಕಾರ, ಶಿಕ್ಷಣ ಯಾವುದರ ಮೇಲೂ ಅವರಿಗೆ ಅಭಿಪ್ರಾಯವಿದೆ. 2009ರಲ್ಲಿ ಅವರ ಭಾಷಣಗಳದೇ ಒಂದು ಇಂಗ್ಲಿಷ್ ಪುಸ್ತಕ ಬಂತು. ಅವರನ್ನು ಹಗುರವಾಗಿ ಕಾಣುವಂತಿಲ್ಲ. ಶಿಡ್ಲಘಟ್ಟದಲ್ಲಿ 1946ರಲ್ಲಿ ಹುಟ್ಟಿದ ಮೇಷ್ಟರ ಮಗ. ಪ್ರೋಗ್ರಾಂ ಬರೆಯುವುದೇ ಅವರ ಮೂಲ ಕಸುಬು. ಪ್ಯಾರಿಸ್ಸಿನ ವಿಮಾನ ನಿಲ್ದಾಣದ ಸರಕು ಸಾಗಣೆಗೆ ಸಾಫ್ಟ್‌ವೇರ್ ಕಟ್ಟಿದವರಲ್ಲಿ ಒಬ್ಬರು. ಎಡಪಂಥದ ಒಲವಿದ್ದ ತರುಣನನ್ನು 1974ರಲ್ಲಿ ಅಂದಿನ ಯುಗೋಸ್ಲಾವಿಯಾದ ನಿಶ್ ಎಂಬಲ್ಲಿ ಪೊಲೀಸರು ರೈಲಿನಿಂದಿಳಿಸಿ ಅನ್ನ ನೀರಿಲ್ಲದೆ ಕೂಡಿಹಾಕಿದರು. ಅಲ್ಲಿಂದ ಅವರ ದಾರಿ ಬದಲಾಯಿತು: ಬಡತನ ಹೋಗಬೇಕಾದರೆ ಉದ್ಯೋಗ ಸೃಷ್ಟಿಯಾಗಬೇಕು ಎಂದರು, 1981ರಲ್ಲಿ ಆರು ಜನ ಗೆಳೆಯರೊಂದಿಗೆ ಮಾಡಿಯೂ ತೋರಿಸಿದರು. ನಮ್ಮಂಥ ಊರುಗಳ ಹುಡುಗಿಯರು ಕೈಯಲ್ಲಿ ನೇಮಕಾತಿ ಪತ್ರ ಹಿಡಿದು ಬೆಂಗಳೂರಿನ ಬಸ್ಸು ಹತ್ತಿದ್ದರಲ್ಲಿ ಆ ಕೆಲಸದ ಪಾಲೂ ಇದೆ. ಅವರ ಮಾತಿನಲ್ಲಿ ನನಗೆ ಹಿಡಿಸುವುದು ನೇರತನ. ಮುಲಾಜಿಲ್ಲದೆ ಹೇಳುತ್ತಾರೆ, ಬೈಸಿಕೊಳ್ಳುತ್ತಾರೆ, ಮತ್ತೆ ಅದನ್ನೇ ಹೇಳುತ್ತಾರೆ.

ಆದರೆ ದೇವರನ್ನು ನಂಬೋಣ, ಉಳಿದವರೆಲ್ಲ ಅಂಕಿಅಂಶ ತರಲಿ ಎಂಬುದೂ ಅವರು ಪದೇ ಪದೇ ಆಡುವ ಮಾತು. ಆಗಲಿ, ತರೋಣ.

ಉತ್ಪಾದಕತೆಯನ್ನು ಅಳೆಯುವುದು ಒಂದು ಗಂಟೆಗೆ ಎಷ್ಟು ಕೆಲಸವಾಯಿತು ಎಂದು. ಗಂಟೆ ಹೆಚ್ಚಿಸಿದರೆ ಕೆಲಸದ ರಾಶಿ ದೊಡ್ಡದಾದೀತು, ಉತ್ಪಾದಕತೆ ಹೆಚ್ಚಲೇಬೇಕೆಂದಿಲ್ಲ. ನಿಧಾನವಾಗಿ ಓಡುವ ಪ್ರೋಗ್ರಾಮನ್ನು ಇನ್ನಷ್ಟು ಹೊತ್ತು ಓಡಲು ಬಿಟ್ಟರೆ ಅದು ಚುರುಕಾಗುತ್ತದೆಯೇ? ಇದು ಅವರಿಗೆ ನಾವು ಹೇಳಿಕೊಡಬೇಕಾದ ಪಾಠವಲ್ಲ.

ಇನ್ನು ಜರ್ಮನಿ. ಯುದ್ಧ ಮುಗಿದಾಗ ಅಲ್ಲಿಯ ಊರುಗಳ ಅವಶೇಷ ಬಾಚಿದವರಲ್ಲಿ ಹೆಂಗಸರು ಎಷ್ಟೋ ಮಂದಿ. ಗಂಡಸರು ಸತ್ತಿದ್ದರು ಇಲ್ಲವೇ ಸೆರೆಯಲ್ಲಿದ್ದರು. ಐವತ್ತರ ದಶಕದಲ್ಲಿ ವಾರಕ್ಕೆ ಆರು ದಿನ, ನಲವತ್ತೆಂಟು ಗಂಟೆಯ ದುಡಿಮೆ ಸಾಮಾನ್ಯವಾಗಿತ್ತು. ಅದೂ ಹೆಚ್ಚಾಯಿತೆಂದು 1956ರ ಮೇ ದಿನದಂದು ಕಾರ್ಮಿಕ ಸಂಘಗಳು ಒಂದು ಭಿತ್ತಿಚಿತ್ರ ಅಂಟಿಸಿದವು. ಅದರಲ್ಲೊಂದು ಪುಟ್ಟ ಮಗು, ಶನಿವಾರ ಅಪ್ಪ ನನ್ನವನು ಎನ್ನುತ್ತದೆ. ಅಪ್ಪ ಕಾರ್ಖಾನೆಗೆ ಹೋದಾಗ ಮನೆ ನೋಡಿದವರಾರು? ಅದಕ್ಕೆ ಕಾಯಿದೆಯೇ ಇತ್ತು. ಪಶ್ಚಿಮ ಜರ್ಮನಿಯಲ್ಲಿ 1977ರವರೆಗೂ ಮನೆವಾರ್ತೆ ಹೆಂಡತಿಯ ಹೊಣೆಯೆಂದೇ ಬರೆದಿತ್ತು. ಸಂಸಾರದ ಕರ್ತವ್ಯಕ್ಕೆ ಅಡ್ಡಿಯಾಗದಿದ್ದರೆ ಮಾತ್ರ ಅವಳು ಹೊರಗೆ ದುಡಿಯಬಹುದಿತ್ತು. ಅಂಥ ಜರ್ಮನಿಯಲ್ಲೇ 2022ರಲ್ಲಿ ಒಬ್ಬ ದುಡಿದದ್ದು ವರ್ಷಕ್ಕೆ ಸರಾಸರಿ 1,340 ಗಂಟೆಯಷ್ಟು. ವಾರಕ್ಕೆ ಭಾಗಿಸಿದರೆ ಇಪ್ಪತ್ತಾರೂ ತುಂಬುವುದಿಲ್ಲ.

ನಮ್ಮ ಲೆಕ್ಕವೂ ಇದೆ. 2019ರ ಕೇಂದ್ರ ಸರಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ಕೊಡುವುದು ದಿನಕ್ಕೆ 299 ನಿಮಿಷ, ಗಂಡಸರು 97. ವಾರಕ್ಕೆ ಮೂವತ್ತೈದು ಗಂಟೆಯಾಯಿತು. ನನ್ನ ಸೊಸೆಮುದ್ದು ಎಪ್ಪತ್ತು ಗಂಟೆ ಆಫೀಸಿಗೆ ಕೊಟ್ಟು, ನಾಳೆ ಮದುವೆಯಾಗಿ ಈ ಮೂವತ್ತೈದನ್ನೂ ಸೇರಿಸಿದರೆ ನೂರೈದು. ನಿದ್ದೆಗೂ ಓಡಾಟಕ್ಕೂ ಉಳಿಯುವುದು ದಿನಕ್ಕೆ ಒಂಬತ್ತು ತಾಸು. ಮಗು ಯಾವ ತಾಸಿನಲ್ಲಿ ಅಳಬೇಕು?

ಹೊರಗಿನ ಉದಾಹರಣೆ ಯಾಕೆ, ಮೂರ್ತಿಯವರ ಮನೆಯೇ ಇದೆಯಲ್ಲ. ‘ಡಾಲರ್ ಸೊಸೆ’ ಬರೆದ ನಮ್ಮ ಶಿಗ್ಗಾವಿಯ ಸುಧಾ ಅವರು ಕಡಿಮೆಯ ಎಂಜಿನಿಯರಲ್ಲ. ಹೆಂಗಸರು ಅರ್ಜಿ ಹಾಕಬೇಡಿ ಎಂದ ಟೆಲ್ಕೊ ಜಾಹೀರಾತನ್ನು ಪ್ರಶ್ನಿಸಿ ಜೆ.ಆರ್.ಡಿ. ಟಾಟಾ ಅವರಿಗೆ ಕಾರ್ಡು ಬರೆದು ಕೆಲಸ ಪಡೆದವರು. ಇನ್ಫೋಸಿಸ್‌ಗೆ ಹತ್ತು ಸಾವಿರ ರೂಪಾಯಿ ಕೊಟ್ಟವರೂ ಅವರೇ. ಮನೆ ನಡೆಯಲೆಂದು ಬೇರೆ ಕಡೆ ನೌಕರಿ ಮಾಡಿದರು, ಹೆರಿಗೆಗೆ ಹುಬ್ಬಳ್ಳಿಗೆ ಹೋದರು. ಕಂಪನಿಯಲ್ಲಿ ಮಾತ್ರ ಅವರಿಗೆ ಜಾಗವಿರಲಿಲ್ಲ. ಇಬ್ಬರಲ್ಲಿ ಒಬ್ಬರೇ ಇರಬೇಕೆಂಬುದು ಗಂಡನ ನಿಯಮ. 2024ರ ಜನವರಿಯಲ್ಲಿ ಮೂರ್ತಿಯವರು, ಅದು ನನ್ನ ತಪ್ಪು ಆದರ್ಶವಾಗಿತ್ತು ಎಂದು ಒಪ್ಪಿಕೊಂಡರು. ದೊಡ್ಡ ಮಾತು. ಇದನ್ನು ಓದಿ ನನಗೆ ಸಂತೋಷವಾಯಿತು, ಸಂಕಟವೂ ಆಯಿತು. ತಾನು ಬೆಳಿಗ್ಗೆ 6.20ಕ್ಕೆ ಆಫೀಸಿನಲ್ಲಿದ್ದು ರಾತ್ರಿ 8.30ಕ್ಕೆ ಹೊರಡುತ್ತಿದ್ದೆ ಎಂದು ಹೇಳುವಾಗ ಆ ಹೊತ್ತಿನಲ್ಲಿ ಮಕ್ಕಳ ಜಡೆ ಹಾಕಿ ಶಾಲೆಗೆ ಕಳಿಸಿದವರ ಗಂಟೆ ಅವರ ಲೆಕ್ಕದೊಳಗೆ ಬರುವುದಿಲ್ಲ.

2025ರಲ್ಲಿ ಅವರೇ, ಇದನ್ನು ಯಾರ ಮೇಲೂ ಹೇರುವಂತಿಲ್ಲ, ಅವರವರೇ ಯೋಚಿಸಲಿ ಎಂದರು. ಅಷ್ಟರಲ್ಲಿ ಇನ್ನೊಬ್ಬ ದೊಡ್ಡ ಅಧಿಕಾರಿ ತೊಂಬತ್ತು ಗಂಟೆಗೆ ಏರಿಸಿ, ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂದಿದ್ದರು. ಆ ಮುಖಗಳಿಗೂ ಬಾಯಿದೆ ಎಂಬುದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಇನ್ನೊಂದು ಅಭಿಪ್ರಾಯದ ಜೊತೆಗೂ ನನಗೆ ತಕರಾರಿದೆ. ಯಾವುದನ್ನೂ ಪುಕ್ಕಟೆ ಕೊಡಬಾರದು, ತೆಗೆದುಕೊಂಡವರು ಸಮಾಜಕ್ಕೆ ಏನಾದರೂ ಹಿಂತಿರುಗಿಸಬೇಕು ಎಂದರು, 2023ರ ನವೆಂಬರ್‌ನಲ್ಲಿ. ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾಗಿತ್ತು. ಹಿಂತಿರುಗಿಸಬೇಕೆಂಬುದು ನ್ಯಾಯವೇ. ಆದರೆ ಅತ್ತಿಗೆಯ ಖಾತೆಯಲ್ಲಿ ಯಾರು ಯಾರಿಗೆ ಬಾಕಿ? ನಸುಕಿನಲ್ಲಿ ಮಲ್ಲಿಗೆ ಮೊಗ್ಗು ಬಿಡಿಸಿ, ದನಕ್ಕೆ ಮೇವು ಹಾಕಿ, ಮೂರು ಹೊತ್ತು ಒಲೆ ಹೊತ್ತಿಸಿ ಮೂವತ್ತು ವರ್ಷ ಆಯಿತು.

ಹಬ್ಬ ಮುಗಿದ ಮರುದಿನ ಅವಳು ಹಡಗಲಿಯ ಬಸ್ಸಿಗೆ ಆಧಾರ್ ಕಾರ್ಡು ಹಿಡಿದು ಹೊರಟಳು, ತಂಗಿಯನ್ನು ನೋಡಿ ಬರಲಿಕ್ಕೆ. “ಯಾವಾಗ ಬರ್ತಿ?” ಎಂದು ಅಣ್ಣ ಕೇಳಿದ.

“ಸಂಜಿಗೆ. ರೊಟ್ಟಿ ಬುಟ್ಟ್ಯಾಗ ಅದಾವ, ಪಲ್ಯ ಸಿಂಕದ ಮ್ಯಾಲ ಐತಿ,” ಎಂದು ಚಪ್ಪಲಿ ಮೆಟ್ಟಿದಳು. ಪಡಸಾಲೆಯಲ್ಲಿ ಮಗಳು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಯಾರಿಗೋ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತ, ಒಂದು ಕೈ ಎತ್ತಿ ಅವ್ವನಿಗೆ ಟಾಟಾ ಮಾಡಿದಳು.