ಹಿಡಿ ಸೊಪ್ಪಿನ ಅಡುಗೆ

ಬೆಂಗಳೂರಿನ ತಾರಸಿಗಳ ಮೇಲೆ ಈಗ ಚೆರ್ರಿ ಟೊಮೆಟೊ, ಬ್ರೊಕೋಲಿ, ಕೆಂಪು-ಹಳದಿ ದೊಣ್ಣೆಮೆಣಸಿನಕಾಯಿ, ಲೆಟ್ಯೂಸ್ ಎಲ್ಲವೂ ಬೆಳೆಯುತ್ತಿವೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಬೀಜದ ಪೊಟ್ಟಣ, ಎರೆಗೊಬ್ಬರ, ಗ್ರೋ ಬ್ಯಾಗು ಹಿಡಿದು ಮನೆಗೆ ಬರುತ್ತಾರೆ. ಡಾ. ಬಿ.ಎನ್. ವಿಶ್ವನಾಥ್ ಅವರಂಥವರು ವರ್ಷಗಟ್ಟಲೆ ತಾರಸಿ ಕೃಷಿ ಕಲಿಸಿದ್ದರಿಂದ, ‘ಊಟ ಫ್ರಮ್ ಯುವರ್ ತೋಟ’ದಂಥ ಮೇಳಗಳಿಂದ ನಗರದ ಕೈತೋಟ ನಿಜಕ್ಕೂ ಬೆಳೆದಿದೆ. ಹಸಿ ಕಸದಿಂದ ಗೊಬ್ಬರ ಮಾಡುವುದು, ತೆಂಗಿನ ನಾರಿನ ಪುಡಿ ಬೆರೆಸಿ ಮಣ್ಣನ್ನು ಹಗುರ ಮಾಡುವುದು, ಹಿಟ್ಟು ತಿಗಣೆಗೆ ಬೇವಿನೆಣ್ಣೆ ಸಿಂಪಡಿಸುವುದು ಬಹಳ ಜನಕ್ಕೆ ಗೊತ್ತಾಗಿದೆ. ಇಷ್ಟಾದರೂ ಈ ತೋಟಗಳನ್ನು ನೋಡಿದಾಗಲೆಲ್ಲ ನನಗೊಂದು ಅತೃಪ್ತಿ ಉಳಿಯುತ್ತದೆ. ಬೆಳೆಯುವುದನ್ನು ಇಷ್ಟು ಶ್ರದ್ಧೆಯಿಂದ ಕಲಿತವರು, ಬೆಳೆದದ್ದನ್ನು ಬೇಯಿಸುವುದನ್ನು ಅಷ್ಟೇ ಶ್ರದ್ಧೆಯಿಂದ ಕಲಿತಿಲ್ಲ.

ಬೆಂಡೆಯನ್ನೇ ನೋಡಿ. ಕಾಯಿ ಬಿಡುವ ಕಾಲದಲ್ಲಿ ಒಂದು ಗಿಡ ಎರಡು ದಿನಕ್ಕೊಂದು ಕಾಯಿ ಕೊಟ್ಟರೆ ಚೆನ್ನಾಗಿಯೇ ಬಂದಿದೆ ಎನ್ನಬೇಕು. ಆರು ಚೀಲ ಇಟ್ಟವರಿಗೆ ದಿನಕ್ಕೆ ಮೂರು ಕಾಯಿ. ನಾಲ್ಕು ಜನರ ಪಲ್ಯಕ್ಕೆ ಕಾಲು ಕೆಜಿಯಾದರೂ ಬೇಕು. ಫ್ರಿಜ್ಜಿನಲ್ಲಿ ಕೂಡಿಡುತ್ತ ಹೋದರೆ ಮೊದಲು ಕೊಯ್ದದ್ದು ಬಾಡಿರುತ್ತದೆ, ಗಿಡದಲ್ಲೇ ಬಿಟ್ಟರೆ ಬಲಿತು ನಾರಾಗುತ್ತದೆ. ಕೊನೆಗೆ ಅಂಗಡಿಯಿಂದ ತಂದ ಬೆಂಡೆಯ ಜೊತೆ ಮನೆಯ ಮೂರು ಕಾಯಿ ಸೇರಿಕೊಂಡು, ಯಾವುದು ಯಾವುದೆಂದು ನಾಲಿಗೆಗೆ ತಿಳಿಯುವುದೇ ಇಲ್ಲ. ಇದರಲ್ಲಿ ಗಿಡದ ತಪ್ಪೇನೂ ಇಲ್ಲ. ಮೊದಲು ಅಡುಗೆ ಯಾವುದೆಂದು ತೀರ್ಮಾನಿಸಿ, ಆಮೇಲೆ ತರಕಾರಿಯನ್ನು ಕಾಲು ಕೆಜಿ, ಅರ್ಧ ಕೆಜಿ ಲೆಕ್ಕದಲ್ಲಿ ಹುಡುಕುವ ಮಾರುಕಟ್ಟೆಯ ಅಭ್ಯಾಸವನ್ನೇ ನಾವು ತಾರಸಿಗೂ ಹತ್ತಿಸಿದ್ದೇವೆ.

ಕರಾವಳಿ ಮತ್ತು ಮಲೆನಾಡಿನ ಹಿತ್ತಲು ನಡೆದುಬಂದ ರೀತಿ ಇದಕ್ಕೆ ಪೂರ್ತಿ ತಿರುವುಮುರುವು. ಬಚ್ಚಲ ನೀರು ಹರಿಯುವ ಕಡೆ ಬಸಳೆಯ ಚಪ್ಪರ, ಅದರ ಬುಡದ ತೇವದಲ್ಲಿ ಕೆಸು, ಬೇಲಿಗೆ ತೊಂಡೆ, ಬಾವಿಕಟ್ಟೆಯ ಪಕ್ಕ ಒಂದೆಲಗ, ಅಂಗಳದ ಮೂಲೆಯಲ್ಲಿ ದೊಡ್ಡಪತ್ರೆ. ಇವುಗಳಲ್ಲಿ ಯಾವುದನ್ನೂ ಪ್ರತಿವರ್ಷ ಬೀಜ ಹಾಕಿ ಎಬ್ಬಿಸಬೇಕಾಗಿಲ್ಲ. ಬಳ್ಳಿಯ ತುಂಡೋ ಗೆಡ್ಡೆಯೋ ಬೇರು ಹಿಡಿದರೆ ಸಾಕು. ಬೆಳಿಗ್ಗೆ ಹಿತ್ತಲಿಗೆ ಹೋದವರು ಕೈಗೆ ಸಿಕ್ಕಿದ್ದನ್ನು ನೋಡಿ ಮಧ್ಯಾಹ್ನದ ಅಡುಗೆ ನಿಶ್ಚಯಿಸುತ್ತಿದ್ದರು. ಸಿಕ್ಕಿದ್ದು ಎಂಟು ಎಲೆಯಾದರೂ ಅಡುಗೆಗೆ ತೊಂದರೆ ಇರಲಿಲ್ಲ, ಏಕೆಂದರೆ ಎಂಟು ಎಲೆಗೆಂದೇ ಹುಟ್ಟಿದ ಅಡುಗೆ ಅಲ್ಲಿತ್ತು. ಒಂದು ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಅದರಲ್ಲೇ ದೊಡ್ಡಪತ್ರೆ ಎಲೆ ಬಾಡಿಸಿ, ಹಿಡಿ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಕದಡಿ, ಸಾಸಿವೆ ಒಗ್ಗರಣೆ ಕೊಟ್ಟರೆ ಮನೆಮಂದಿಗೆಲ್ಲ ಸಾಲುವಷ್ಟು ತಂಬುಳಿ. ಒಂದೆಲಗವಾದರೆ ಹುರಿಯುವುದೂ ಬೇಡ, ಹಸಿಯಾಗಿಯೇ ರುಬ್ಬುತ್ತಾರೆ. ಪೇರಳೆಯ ಕುಡಿ, ನೇರಳೆಯ ಕುಡಿಗಳಿಗೆ ದೊಡ್ಡಪತ್ರೆಯದೇ ದಾರಿ. ಸಣ್ಣ ಕೊಯ್ಲನ್ನು ತೆಂಗು ಮತ್ತು ಮಜ್ಜಿಗೆಯ ಬಲದಿಂದ ಹತ್ತು ಜನರ ಊಟವಾಗಿ ಹಿಗ್ಗಿಸುವ ಈ ಉಪಾಯಕ್ಕಿಂತ ಜಾಣತನದ ಕೈತೋಟ ವಿದ್ಯೆ ನನಗೆ ಬೇರೆ ಕಂಡಿಲ್ಲ.

ಬಯಲುಸೀಮೆಯವರು ಇದೇ ಪ್ರಶ್ನೆಗೆ ಬೇರೆ ಉತ್ತರ ಕಂಡುಕೊಂಡರು. ಹಳೇ ಮೈಸೂರಿನ ಕಡೆಯ ಬೆರಕೆ ಸೊಪ್ಪಿನ ಮಸ್ಸೊಪ್ಪಿಗೆ ಯಾವ ಸೊಪ್ಪೂ ಕಟ್ಟುಗಟ್ಟಲೆ ಬೇಡ. ದಂಟು, ಹೊನಗೊನೆ, ಅಣ್ಣೆ ಸೊಪ್ಪು, ಗೋಣಿ ಸೊಪ್ಪು ಒಂದೊಂದು ಹಿಡಿ ಸೇರಿದರೆ ಬೇಳೆಯೊಂದಿಗೆ ಬೇಯಿಸಿ ಮಸೆಯಬಹುದು. ಬಸ್ಸಾರಾದರೆ ಬಸಿದ ಕಟ್ಟಿನಲ್ಲಿ ಸಾರು, ಉಳಿದ ಸೊಪ್ಪು-ಕಾಳಿನಲ್ಲಿ ಪಲ್ಯ. ತಾರಸಿಯ ಕುಂಡಗಳಲ್ಲಿ ಗೋಣಿ ಸೊಪ್ಪು ಯಾರೂ ಬಿತ್ತದೆ ತಾನಾಗಿ ಹುಟ್ಟುತ್ತದೆ. ಅದನ್ನು ಕಳೆಯೆಂದು ಕಿತ್ತೆಸೆದು, ಅದೇ ಕುಂಡದ ಬಡಕಲು ಬ್ರೊಕೋಲಿಗೆ ಗೊಬ್ಬರದ ನೀರು ಉಣಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮನೆಯಲ್ಲಿ ಬೆಳೆದದ್ದಕ್ಕೆ ರುಚಿ ಹೆಚ್ಚು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆಳವಿಲ್ಲದ ಚೀಲದಲ್ಲಿ ಬಿಸಿಲಿಗೆ ಬಸವಳಿದ ಬದನೆ ಕಹಿಯಾಗಿರಲೂಬಹುದು. ಕೈತೋಟದ ನಿಜವಾದ ಲಾಭ ಇರುವುದು ಮಾರುಕಟ್ಟೆ ಕೊಡಲಾರದ ಭಾಗಗಳಲ್ಲಿ. ಅಂಗಡಿಯ ಹೀರೆಯ ಸಿಪ್ಪೆಯನ್ನು, ಅದಕ್ಕೆ ಏನು ಸಿಂಪಡಿಸಿದ್ದಾರೋ ಎಂಬ ಅಳುಕಿಲ್ಲದೆ ಚಟ್ನಿ ಮಾಡಲಾಗುವುದಿಲ್ಲ. ಮನೆಯ ಹೀರೆಯಲ್ಲಿ ತಿರುಳು ಹುಳಿಗೆ, ಸಿಪ್ಪೆ ಚಟ್ನಿಗೆ. ಕುಂಬಳದ ಗಂಡು ಹೂವನ್ನು ಯಾರೂ ತಕ್ಕಡಿಯಲ್ಲಿ ತೂಗಿ ಮಾರುವುದಿಲ್ಲ, ಹಿಟ್ಟಿನಲ್ಲಿ ಅದ್ದಿ ಕರಿದರೆ ಅದರಂಥ ತಿಂಡಿಯಿಲ್ಲ. ನಗರದ ಎತ್ತರದ ಮಹಡಿಗಳಿಗೆ ಜೇನ್ನೊಣ ಸಾಕಷ್ಟು ಬಾರದಿದ್ದರೆ ಹೆಣ್ಣು ಹೂವಿಗೆ ಪರಾಗವನ್ನು ಕೈಯಾರೆ ಮುಟ್ಟಿಸಬೇಕು. ಕುಂಬಳ ಬೆಳಗಿನ ಜಾವ ಅರಳುತ್ತದೆ, ಹೀರೆ ಸಂಜೆಗೆ. ಹೀಗಾಗಿ ಕಚೇರಿಗೆ ಹೋಗಿಬರುವವರಿಗೆ ಹೀರೆಯೇ ಅನುಕೂಲ. ಹರಿವೆಯೂ ಅಷ್ಟೇ: ಬಿತ್ತಿ ತಿಂಗಳೊಳಗೆ ಕೊಯ್ಲು, ಎಲೆ ಪಲ್ಯಕ್ಕೆ, ಬಲಿತ ದಂಟು ಹುಳಿಗೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ಮತ್ತೆ ಮತ್ತೆ ಕತ್ತರಿಸಿದರೂ ಚಿಗುರುವ ಹರಿವೆ ತಳಿ. ಕುಂಡಕ್ಕೆ ಬೇಕಾದ ಗುಣ ಇದೇ.

ಹಿತ್ತಲನ್ನು ಹೊಗಳುವಾಗ ಅದರ ಭಾರ ಯಾರ ಹೆಗಲ ಮೇಲಿತ್ತು ಎಂಬುದನ್ನು ಮರೆಯಬಾರದು. ನೀರು ಸೇದಿದವರು, ಸಗಣಿ ಹೊತ್ತವರು, ಕೆಸುವಿನೆಲೆಯ ನವೆ ಸಹಿಸಿ ಪತ್ರೊಡೆ ಸುತ್ತಿದವರು, ಒರಳಲ್ಲಿ ರುಬ್ಬಿದವರು ಬಹುಪಾಲು ಹೆಂಗಸರೇ. ಆಷಾಢದ ಮಳೆಯಲ್ಲಿ ಅಟ್ಟದ ಜಂತಿಗೆ ಬಾಳೆನಾರಿನಿಂದ ತೂಗುಬಿಟ್ಟ ಸೌತೆಕಾಯಿಯೇ ವಾರಗಟ್ಟಲೆ ಊಟ. ಆ ದುಡಿಮೆಯನ್ನೂ ಆ ಏಕತಾನದ ಊಟವನ್ನೂ ಇವತ್ತಿನ ಮನೆಯೊಂದು ಹಾಗೆಯೇ ಸಹಿಸಬೇಕು ಎಂದು ನಾನು ಹೇಳಲಾರೆ. ಆದರೆ ಇಂದಿನ ತಾರಸಿ ತೋಟದಲ್ಲೂ ಹಂಚಿಕೆ ಅಷ್ಟೇನೂ ಬದಲಾಗಿಲ್ಲ. ಭಾನುವಾರ ಗಿಡಕ್ಕೆ ನೀರು ಹಾಕುವ ಗಂಡಸರು, ಕೊಯ್ದ ಹರಿವೆಯನ್ನು ಸೋಸಲು ಕೂರುವುದು ಇನ್ನೂ ಕಡಿಮೆ. ಇನ್ನು ಬಾಡಿಗೆದಾರರಿಗೆ ತಾರಸಿಯ ಬೀಗದ ಕೈ ಸಿಗುವುದೇ ಕಷ್ಟ. ಈ ತೋಟ ಸದ್ಯಕ್ಕೆ ಸ್ವಂತ ಮನೆಯಿದ್ದವರ ತೋಟ.

ನೀರಿನ ವಿಷಯದಲ್ಲಿ ನನ್ನ ತಕರಾರು ಇನ್ನೂ ಗಟ್ಟಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಕೊಳವೆಬಾವಿಗಳು ಬತ್ತಿದ ಊರಿನಲ್ಲಿ ಟ್ಯಾಂಕರ್ ನೀರು ಕುಡಿದ ಲೆಟ್ಯೂಸನ್ನು ‘ಸಾವಯವ’ ಎಂದು ಕರೆಯುವುದಕ್ಕೆ ನನಗೆ ಮನಸ್ಸಾಗದು. ಅಕ್ಕಿ ತೊಳೆದ ನೀರು, ಸೊಪ್ಪು-ಬೇಳೆ ತೊಳೆದ ನೀರು ನಾಲ್ಕೈದು ಕುಂಡದ ಬಸಳೆಗೆ ಆಗಿಬರುತ್ತದೆ. ಡಿಟರ್ಜೆಂಟ್ ಬೆರೆತ ನೀರು ಮಾತ್ರ ಬೇಡ, ಅದರ ಉಪ್ಪು ಕುಂಡದ ಸ್ವಲ್ಪ ಮಣ್ಣಿನಲ್ಲೇ ಕೂತು ಬೇರು ಸುಡುತ್ತದೆ. ಅಡುಗೆಮನೆಯಿಂದ ಹೊರಬರುವ ನೀರು ಎಷ್ಟು ಗಿಡಗಳನ್ನು ಸಾಕಬಲ್ಲದೋ ಬೇಸಿಗೆಯ ತೋಟ ಅಷ್ಟೇ ದೊಡ್ಡದಿರಲಿ.

ತರಬೇತಿಗಳಲ್ಲಿ ಮಣ್ಣು, ಗೊಬ್ಬರ, ಕೀಟಗಳ ಪಾಠದ ಜೊತೆಗೆ ಒಂದು ಒಲೆಯನ್ನೂ ಇಡಬೇಕು ಎಂದು ನಾನು ಕೇಳುವುದು ಬರೀ ರುಚಿಯ ಆಸೆಯಿಂದಲ್ಲ. ಏನು ಬೇಯಿಸಬೇಕೆಂದು ತಿಳಿದವರೇ ಬೀಜವನ್ನೂ ಕಾಯ್ದುಕೊಳ್ಳುತ್ತಾರೆ. ಶಿರಸಿಯ ‘ವನಸ್ತ್ರೀ’ ಬಳಗದ ಹೆಣ್ಣುಮಕ್ಕಳು ಹಿತ್ತಲ ತರಕಾರಿಗಳ ಬೀಜ ಉಳಿಸಿ ಹಂಚುತ್ತ ಬಂದಿದ್ದಾರೆ. ಆ ಕಾಯಿಗಳ ಪದಾರ್ಥಗಳು ಅವರ ಮನೆಗಳಲ್ಲಿ ಇನ್ನೂ ನಡೆಯುತ್ತಿರುವುದೇ ಆ ಕೆಲಸದ ಬೆನ್ನೆಲುಬು. ಪೊಟ್ಟಣದ ಹೈಬ್ರಿಡ್ ಬೀಜ ಬಿತ್ತುವವರು ಮುಂದಿನ ಬಿತ್ತನೆಗೆ ಮತ್ತೆ ಅಂಗಡಿಗೇ ಹೋಗಬೇಕು. ನಾಟಿ ಹೀರೆಯ ಬಳ್ಳಿಯಲ್ಲಾದರೆ ಮೊದಲ ಒಳ್ಳೆಯ ಕಾಯಿಯನ್ನು ಹುಳಿಗೆ ಕೊಯ್ಯದೆ ಬೀಜಕ್ಕೆ ಬಿಡಬಹುದು. ಅದು ಬಳ್ಳಿಯಲ್ಲೇ ಒಣಗಿ, ಅಲುಗಿಸಿದಾಗ ಒಳಗೆ ಬೀಜ ಗಲಗಲ ಎನ್ನುವವರೆಗೆ ಕಾದು ಬಿಡಿಸಿ, ಬೂದಿಯಲ್ಲಿ ಕಲಸಿ ಡಬ್ಬಿಗೆ ಹಾಕಿಟ್ಟರೆ ಬರುವ ಮಳೆಗಾಲಕ್ಕೆ ಬಳ್ಳಿ ಸಿದ್ಧ, ಪಕ್ಕದ ಮನೆಯವರಿಗೂ ನಾಲ್ಕು ಬೀಜ ಕೊಡಬಹುದು.