ಆಡಳಿತದ ಏಕರೂಪತೆ: ಒಂದು ವಿಮರ್ಶೆ

ನೆರೆಹೊರೆಯ ರಾಷ್ಟ್ರಗಳ ಉದ್ಯಮಾಡಳಿತ ನಿಯಮಗಳನ್ನು ಒಂದೇ ಅಚ್ಚಿಗೆ ತರಬೇಕೆಂಬ ವಾದವು ವಾಣಿಜ್ಯಶಾಸ್ತ್ರದಲ್ಲಿ ಪ್ರಬಲವಾಗಿದೆ. ಅದನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಅನುಭವದಿಂದ ಪರೀಕ್ಷಿಸುವುದು ಉಚಿತವೆಂದು ಭಾವಿಸುತ್ತೇವೆ.

1948ರಲ್ಲಿ ವಿಲೀನವಾಗುವವರೆಗೆ ರಾಮದುರ್ಗವು ಪ್ರತ್ಯೇಕ ಸಂಸ್ಥಾನವಾಗಿದ್ದಿತು. ಉಳಿದ ಮೂರೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1956ರ ಏಕೀಕರಣದ ತರುವಾಯವೂ ಇಲ್ಲಿ ಮುಂಬಯಿಯ 1925ರ ಸಹಕಾರಿ ಕಾಯಿದೆಯೂ ಹಳೆಯ ಮೈಸೂರಿನಲ್ಲಿ 1948ರ ಕಾಯಿದೆಯೂ ನಡೆದವು. 1959ರ ಅಧಿನಿಯಮವು ಈ ಭೇದವನ್ನು ನೀಗಿಸಿತು. ಕಂಪನಿಗಳಿಗಂತೂ 1956ರ ಕಾಯಿದೆಯೇ ಎರಡೂ ಕಡೆಗೆ ಒಂದಾಯಿತು. ಈಗ ಅದರ ಸ್ಥಾನದಲ್ಲಿ 2013ರದು ಇದೆ. ಲೆಕ್ಕಪರಿಶೋಧನೆ, ವಾರ್ಷಿಕ ಸಭೆಗಳಿಗೆ ಒಂದೇ ಕ್ರಮ ಬಂದುದು ಅಲ್ಪಲಾಭವಲ್ಲ.

ಆದರೆ ರೂಪದ ಐಕ್ಯವು ಹೊಣೆಯ ಐಕ್ಯವಲ್ಲ. ಕಿತ್ತೂರಿಗೆ ಸಮೀಪದ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಸದಸ್ಯನಾದ ಬೆಳೆಗಾರನಿಗೆ, ಷೇರು ಎಷ್ಟೇ ಇರಲಿ, ಒಂದೇ ಮತ. ಸವದತ್ತಿ ತಾಲೂಕಿನ ಮುನವಳ್ಳಿಯಲ್ಲಿ ಕಾರ್ಖಾನೆಯುಳ್ಳ ರೇಣುಕಾ ಶುಗರ್ಸ್ ಕಂಪನಿಯಲ್ಲಿ ಮತವು ಷೇರಿಗನುಗುಣ. 2018ರಲ್ಲಿ ಅದರ ಹತೋಟಿಯು ಸಿಂಗಪುರದ ವಿಲ್ಮರ್ ಸಂಸ್ಥೆಗೆ ಸೇರಿತು. ರಾಷ್ಟ್ರರಾಷ್ಟ್ರಗಳ ನಿಯಮಗಳು ಒಂದಾದರೆ ಷೇರುದಾರನಿಗೆ ಅನುಕೂಲವಾದೀತು. ಷೇರಿಲ್ಲದೆ ಕಬ್ಬನ್ನು ಮಾತ್ರ ಕೊಟ್ಟವನು ಸಭೆಯ ಹೊರಗೇ ಉಳಿಯುವನು.

ಅವನನ್ನು ಎರಡೆಡೆಯಲ್ಲಿಯೂ ಸಮನಾಗಿ ಕಾಯುವುದು 1966ರ ಕಬ್ಬು ನಿಯಂತ್ರಣ ಆಜ್ಞೆ. ಬೇರೆ ಲಿಖಿತ ಒಪ್ಪಂದವಿಲ್ಲದಿದ್ದರೆ 14 ದಿನಗಳೊಳಗೆ ಬೆಲೆ ಸಲ್ಲಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಸಂಸ್ಥೆಯ ರೂಪವನ್ನು ಕೇಳದೆ ಹೊಣೆಯನ್ನು ಸಮವಾಗಿಸಿದ ಈ ಕ್ರಮವೇ ನಿಜವಾದ ಸಾಮರಸ್ಯದ ಮಾದರಿಯೆಂಬುದು ನಮ್ಮ ಅಭಿಪ್ರಾಯ.