ಸ್ವಸ್ಥ ನಾಯಿಯ ಕರುಳು ಮತ್ತು ಊರಿಗೊಂದು ಸೇರು

ರೋಗವಿಲ್ಲದ ನಾಯಿಯನ್ನು ಏತಕ್ಕೆ ಪರೀಕ್ಷೆಗೆ ಒಡ್ಡಬೇಕು? ಸ್ವಸ್ಥ ಕರುಳಿನ ಪ್ರಮಾಣ ತಿಳಿಯದೆ ಅಸ್ವಸ್ಥ ಕರುಳನ್ನು ಗುರುತಿಸಲಾಗದೆಂಬುದು ಪಶುವೈದ್ಯ ವಿಜ್ಞಾನದ ಉತ್ತರ. ತೂಕದ ಕಲ್ಲಿಲ್ಲದೆ ತಕ್ಕಡಿ ನಿರರ್ಥಕವೆಂಬುದನ್ನು ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇಲ್ಲಿ ಕಲ್ಲಿನ ಸ್ಥಾನದಲ್ಲಿರುವುದು ಪಂಚೇಂದ್ರಿಯ ಜೀವಿ. ಆದುದರಿಂದ ಈ ಪರೀಕ್ಷೆಯ ಯುಕ್ತಾಯುಕ್ತತೆಯನ್ನು ವಿವೇಚಿಸುವುದು ಅವಶ್ಯ.

ಕರುಳಿನ ಒಳಪದರವು ಆಹಾರದ ಸಾರವನ್ನು ಒಳಗೆ ಬಿಟ್ಟು ಹಾನಿಕರ ವಸ್ತುಗಳನ್ನು ತಡೆಯುವ ಗೋಡೆ. ಅದರ ಜೀವಕೋಶಗಳ ನಡುವಣ ಬೆಸುಗೆ ಸಡಿಲಗೊಂಡರೆ ಸೇರಬಾರದುದು ರಕ್ತಕ್ಕೆ ಸೇರುತ್ತದೆ. ಇದನ್ನು ಅಳೆಯಲು ನಾಯಿಯನ್ನು ರಾತ್ರಿ ಉಪವಾಸವಿರಿಸಿ ಎರಡು ಸಕ್ಕರೆಗಳ ದ್ರಾವಣವನ್ನು ಕುಡಿಸುತ್ತಾರೆ. ಒಂದು ಲ್ಯಾಕ್ಟುಲೋಸ್, ಮಲಬದ್ಧತೆಗೆಂದು ಔಷಧದಂಗಡಿಯಲ್ಲಿ ದೊರೆಯುವ ಅದೇ ಪಾಕ, ಇನ್ನೊಂದು ರಾಮ್ನೋಸ್. ಮೊದಲನೆಯದರ ಅಣು ದೊಡ್ಡದಾದುದರಿಂದ ಸ್ವಸ್ಥ ಗೋಡೆಯನ್ನು ಅತ್ಯಲ್ಪವಾಗಿ ದಾಟುತ್ತದೆ. ಎರಡನೆಯದು ಚಿಕ್ಕದು, ಸುಲಭವಾಗಿ ದಾಟುತ್ತದೆ. ದಾಟಿದುದು ಮೂತ್ರದಲ್ಲಿ ಹೊರಬೀಳುತ್ತದೆ. ಇವೆರಡರ ಅನುಪಾತವೇ ಫಲಿತಾಂಶ. ಜಠರ ನಿಧಾನವಾಗಿ ಬರಿದಾದರೂ ಮೂತ್ರಪಿಂಡ ಮಂದವಾದರೂ ಎರಡು ಸಕ್ಕರೆಗಳೂ ಬಹುಮಟ್ಟಿಗೆ ಸಮವಾಗಿ ತಗ್ಗುವುದರಿಂದ ಅನುಪಾತ ಕೆಡದು. ಲೆಕ್ಕ ಬಲ್ಲವರು ಮೆಚ್ಚತಕ್ಕ ಜಾಣತನವಿದು.

ಇಂತಹ ಅಳತೆಗಳಿಂದ ಪ್ರಯೋಜನವಾಗಿರುವುದೂ ನಿಜ. ಗೋಧಿಯ ಅಂಟು ಒಗ್ಗದ ಐರಿಷ್ ಸೆಟರ್ ನಾಯಿಗಳಲ್ಲಿ ರೋಗ ತಲೆದೋರುವ ಮುನ್ನವೇ ಕರುಳಿನ ತಡೆಗೋಡೆ ಸಡಿಲವಾಗಿರುತ್ತದೆಂದು ಬ್ರಿಟನ್ನಿನ ಹಾಲ್ ಮತ್ತು ಬ್ಯಾಟ್ 1991ರಲ್ಲಿ ತೋರಿಸಿದರು.

ಹಿಂಸೆಯಿರುವುದು ಸಕ್ಕರೆಯಲ್ಲಲ್ಲ, ಮುಂದಿನ 5-6 ಗಂಟೆಗಳಲ್ಲಿ. ಅಷ್ಟು ಹೊತ್ತಿನ ಮೂತ್ರವೆಲ್ಲವೂ ಕೈಸೇರಬೇಕು. ಮನುಷ್ಯನಾದರೆ ಸೀಸೆ ಕೊಟ್ಟರಾಯಿತು. ನಾಯಿಯನ್ನು ಪಂಜರದಲ್ಲಿ ಕೂಡಿಹಾಕಬೇಕು, ಇಲ್ಲವೆ ಮೂತ್ರನಾಳಕ್ಕೆ ನಳಿಕೆ ತೂರಿಸಬೇಕು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧ, ಅನ್ನಪಾನನಿರೋಧ ಎಂಬೆರಡನ್ನು ಬಲ್ಲ ಶ್ರಾವಕರಿಗೆ ಇಲ್ಲಿ ವ್ಯಾಖ್ಯಾನ ಬೇಕಿಲ್ಲ. ರೋಗಿಯಾದ ನಾಯಿಯ ಉಪವಾಸ ಅದರ ಹಿತಕ್ಕಾಗಿಯೇ ಆದೀತು. ಸ್ವಸ್ಥ ನಾಯಿಯ ಖಾತೆಯಲ್ಲಿ ಖರ್ಚು ಮಾತ್ರ ಬರೆಯಲ್ಪಡುತ್ತದೆ, ಜಮೆ ಶೂನ್ಯ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೊಂದಿದೆ. ದ್ರಾವಣದ ಸಾಂದ್ರತೆ, ಸಂಗ್ರಹದ ಅವಧಿ, ಪ್ರಯೋಗಾಲಯದ ವಿಧಾನ ಬದಲಾದರೆ ಅನುಪಾತವೂ ಬದಲಾಗುತ್ತದೆ. ಒಂದೆಡೆಯ ಸ್ವಸ್ಥ ಪ್ರಮಾಣವನ್ನು ಇನ್ನೊಂದೆಡೆ ನೇರವಾಗಿ ಬಳಸುವಂತಿಲ್ಲ. 1956ರ ತೂಕ ಮತ್ತು ಅಳತೆಗಳ ಕಾಯಿದೆಗೆ ಮುನ್ನ ನಮ್ಮ ದೇಶದಲ್ಲಿ ಊರಿಗೊಂದು ಸೇರು ಇದ್ದಂತೆಯೇ ಇದು. ಅಂದು ಅದರಿಂದ ನಷ್ಟವಾಗುತ್ತಿದ್ದುದು ಧಾನ್ಯ. ಇಂದು ಅದೇ ಅಳತೆಗಾಗಿ ಮತ್ತೊಂದು ಗುಂಪು ನಾಯಿಗಳು ಹೊಸದಾಗಿ ಉಪವಾಸವಿರಬೇಕು. ನಾಯಿಗಳ ಕಷ್ಟ ಹೀಗೆ ಇಮ್ಮಡಿಯಾಗುವುದನ್ನು ಜ್ಞಾನಾರ್ಜನೆಯೆಂದು ಕರೆಯುವುದು ಕಷ್ಟ.

ರಸೆಲ್ ಮತ್ತು ಬರ್ಚ್ ಎಂಬ ಆಂಗ್ಲ ವಿಜ್ಞಾನಿಗಳು 1959ರಷ್ಟು ಹಿಂದೆಯೇ ಪ್ರಾಣಿಪ್ರಯೋಗಕ್ಕೆ ಪರ್ಯಾಯ ಹುಡುಕುವುದು, ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸುವುದು, ನೋವನ್ನು ಕಡಿಮೆಗೊಳಿಸುವುದು ಎಂಬ ಮೂರು ನಿಯಮಗಳನ್ನು ಮುಂದಿಟ್ಟರು. ಮೂತ್ರದ ಬದಲು ರಕ್ತದಲ್ಲಿಯೇ ಈ ಸಕ್ಕರೆಗಳನ್ನು, ಅಥವಾ ಕ್ಷ-ಕಿರಣ ಚಿತ್ರಕ್ಕೆ ಬಳಸುವ ಅಯೋಹೆಕ್ಸಾಲನ್ನು, ಅಳೆಯುವ ವಿಧಾನ ಈಗ ಇದೆ. ಸೂಜಿ ಚುಚ್ಚುವುದು ತಪ್ಪದಿದ್ದರೂ ಪಂಜರ ತಪ್ಪುತ್ತದೆ. ಮನೆಯ ನಾಯಿಯನ್ನು ಯಜಮಾನನ ಒಪ್ಪಿಗೆಯಿಂದ ಕರೆತಂದು ಸಂಜೆಗೆ ಮನೆಗೆ ಕಳುಹಿಸಬಹುದು. (ನಾಯಿಯ ಒಪ್ಪಿಗೆಯನ್ನಂತೂ ಯಾರೂ ಕೇಳಲಾರರು.) ಇಷ್ಟಾದ ಮೇಲೂ ಪಂಜರವನ್ನೇ ಆರಿಸಿಕೊಳ್ಳುವ ಸಂಶೋಧಕರು ಅದರ ಕಾರಣವನ್ನು, ಹಾಗೂ ಹಿಂದಿನವರ ಅಳತೆ ತಮಗೇಕೆ ಸಾಲದೆಂಬುದನ್ನು, ಪ್ರಬಂಧದ ಮೊದಲ ಪುಟದಲ್ಲಿಯೇ ಬರೆಯತಕ್ಕದ್ದು.